ಜೀಪಿನ ಎರಡು ಗಿಡ್ಡ ಲಿವರುಗಳು

ಕಳೆದ ವಾರ ಜೇವರ್ಗಿ ಕಾಲೋನಿಯ ನಮ್ಮ ಮನೆ ಹತ್ತಿರದ ಗ್ಯಾರೇಜಿನ ಮುಂದೆ ಹಳೆಯ ಜೀಪೊಂದನ್ನು ಬಿಚ್ಚಿ ಹಾಕಿದ್ದರು. ಗಾಲಿಗೆ ಮೆತ್ತಿದ ಹಸಿ ಎರೆಮಣ್ಣು, ಗೇರ್ ಆಯಿಲಿನ ಕಮಟು... ಆ ವಾಸನೆ ಮೂಗಿಗೆ ಬಡಿದದ್ದೇ ತರಕಾರಿ ಚೀಲ ಹಿಡಿದು ಅಲ್ಲೇ ನಿಂತುಬಿಟ್ಟೆ. ಅಂದಿನಿಂದ ಕೂತಲ್ಲಿ ಕೂರಲಾಗಲಿಲ್ಲ.

ತೊಂಬತ್ತರ ದಶಕದ ಆರಂಭ. ನಾನು ಕಮಲಾಪುರದ ಆಸ್ಪತ್ರೆಗೆ ಹೊಸ ಡಾಕ್ಟರ್. ಅಲ್ಲಿನ ಜೀಪ್ ಡ್ರೈವರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು, ನಾನೂ. ರೋಗಿಗಳಿಲ್ಲದ ಮಧ್ಯಾಹ್ನ ಅವರು ಬಯಲಿನಲ್ಲಿ ನನಗೆ ಜೀಪು ಕಲಿಸುತ್ತಿದ್ದರು. ಗೇರಿನ ಪಕ್ಕ ಎರಡು ಗಿಡ್ಡ ಲಿವರುಗಳಿದ್ದವು.

“ಮೊದಲ ಇದು ಹಾಕ್ರಿ ಮೇಡಂ, ಮುಂದಿನ ಗಾಲಿಗೂ ಜೋರ್ ಬರ್ತದ. ಆಮ್ಯಾಲ ಅದು. ಗಾಡಿ ಹಗೂರ ಹೋಗ್ತದ, ಆದ್ರ ಆನಿ ಹಂಗ ಜಗ್ಗತದ. ಉಲ್ಟಾ ಮಾಡಿದ್ರ ಗೇರ್ ಬೀಳಂಗಿಲ್ಲ.”

ನನಗೆ ಲೈಸೆನ್ಸೂ ಇರಲಿಲ್ಲ, ಸಹನೆಯೂ ಇರಲಿಲ್ಲ. ಕಲಬುರಗಿಗೆ ಯಾವಾಗ ವರ್ಗವಾದೀತೋ ಎಂದು ಚಡಪಡಿಸುತ್ತಿದ್ದೆ.

ಮಳೆಗಾಲದ ಒಂದು ಮಧ್ಯಾಹ್ನ ದೂರದ ತಾಂಡಾದಿಂದ ಕರೆ ಬಂತು. ಹೆರಿಗೆಯಾದ ಹೆಣ್ಣುಮಗಳಿಗೆ ರಕ್ತ ನಿಲ್ಲುತ್ತಿರಲಿಲ್ಲ. ಅವಳನ್ನು ತಾಯಿಯ ತೊಡೆಯ ಮೇಲೆ ಮಲಗಿಸಿಕೊಂಡು ಕಲಬುರಗಿಯ ದೊಡ್ಡಾಸ್ಪತ್ರೆಗೆ ಹೊರಟೆವು. ಹೊಲದ ದಾರಿಯಲ್ಲೇ ಜೀಪು ಹೂತಿತು. ಕಾಕಾ ಇಳಿದು ಜಾಲಿ ಟೊಂಗೆ ಮುರಿದರು.

“ನೀವು ಸ್ಟೇರಿಂಗಿಗಿ ಕೂಡ್ರಿ. ನಾ ಗಾಲಿ ಬುಡಕ ಇವು ತುರುಕಿ ನೂಕ್ತೀನಿ.”

ಸ್ಟೇರಿಂಗಿಗೆ ಕೂತೆ. ಅವಸರದಲ್ಲಿ ಎರಡನೆಯ ಲಿವರನ್ನೇ ಮೊದಲು ಎಳೆದೆ, ಅಲುಗಲಿಲ್ಲ. ಉಸಿರು ಹಿಡಿದು ಮೊದಲಿನದು ಹಾಕಿದೆ, ಆಮೇಲೆ ಇನ್ನೊಂದು. ಕ್ಲಚ್ ಬಿಟ್ಟೆ. ಜೀಪು ಮೊದಲು ಹಿಂದಕ್ಕೆ ಕುಸಿದು, ಗಕ್ಕನೆ ಮೇಲೆದ್ದಿತು. ಹಿಂದೆ ಕಾಕಾ ಚೀರಿದರು. ನಾನು ಬ್ರೇಕಿನತ್ತ ಕಾಲು ಚಾಚಿದೆ.

“ನಿಲ್ಲಸಬ್ಯಾಡ್ರಿ! ನಡೀರಿ!”

ಕಲಬುರಗಿಯವರೆಗೂ ನಾನೇ ಓಡಿಸಿದೆ. ತಿರುಗಿ ನೋಡಲಿಲ್ಲ. ಹೆಣ್ಣುಮಗಳು ಉಳಿದಳು.

ಮರುದಿನ ಕಮಲಾಪುರಕ್ಕೆ ಬಂದಾಗ ಕಾಕಾ ಆಸ್ಪತ್ರೆಯ ಮಂಚದ ಮೇಲಿದ್ದರು, ತಾಂಡಾದವರು ಹೊತ್ತು ತಂದಿದ್ದರು. ಎಡಪಾದ ಜಜ್ಜಿಹೋಗಿತ್ತು. “ಕಲ್ಲಿನ ಮ್ಯಾಲ ಜಾರಿ ಬಿದ್ದೆ,” ಎಂದು ಬಂದವರಿಗೆಲ್ಲ ಹೇಳುತ್ತಿದ್ದರು, ನನ್ನ ಮುಖ ನೋಡುತ್ತಲೇ. ಜಾರಿದರೆ ಪಾದ ಹಾಗೆ ಜಜ್ಜುವುದಿಲ್ಲವೆಂದು ನನಗೆ ಗೊತ್ತಿತ್ತು. ಲೈಸೆನ್ಸಿಲ್ಲದೆ ಸರ್ಕಾರಿ ಗಾಡಿ ಓಡಿಸಿದೆನೆಂದು ವಿಚಾರಣೆಯಾದರೆ ನನ್ನ ನೌಕರಿಯೇ ಹೋಗುತ್ತಿತ್ತು. ಸುಮ್ಮನಿದ್ದೆ. ಕ್ಲಚ್ ಒತ್ತಲು ಆ ಕಾಲು ಮತ್ತೆ ಬರಲಿಲ್ಲ. ಅವರನ್ನು ಆಸ್ಪತ್ರೆಯ ಕಾವಲು ಕೆಲಸಕ್ಕೆ ಹಾಕಿದರು. ಅಷ್ಟರಲ್ಲಿ ನನಗೆ ವರ್ಗವಾಯಿತು. ಒಮ್ಮೆ ಹೋಗಿ ಹೇಳಬೇಕು, ಈ ಹಬ್ಬಕ್ಕೆ, ಮುಂದಿನ ರಜೆಗೆ... ಹೀಗೇ ವರ್ಷಗಳು ಕಳೆದವು.

ಮೊನ್ನೆ ತಡೆಯಲಾರದೆ ಕಾಕಾ ಅವರ ಮನೆಯಿದ್ದ ಕುಸನೂರಿಗೆ ಹೋದೆ. ಹೊಸ ಕಟ್ಟಡಗಳ ನಡುವೆ ನಾಲ್ಕು ಕಡೆ ಕೇಳಿ ಮನೆ ಹುಡುಕಿದೆ. ಬಾಗಿಲು ತೆರೆದದ್ದು ಅವರ ಹೆಂಡತಿ. ಕಾಕಾ ಹೋಗಿ ನಾಲ್ಕು ವರ್ಷವಾಗಿತ್ತು.

ನಿಂತಲ್ಲೇ ಎಲ್ಲ ಹೇಳಿಬಿಟ್ಟೆ. ಅವರ ಪಾದದ ಮೇಲೆ ಗಾಲಿ ಹಾಯಿಸಿದ್ದು ನಾನು, ಅವರು ಜಾರಿರಲಿಲ್ಲ ಎಂದು.

ಆಕೆ ಬಾಗಿಲು ಪೂರ್ತಿ ತೆರೆದು ಕುರ್ಚಿ ಎಳೆದಿಟ್ಟರು.

“ನನಗ ಗೊತ್ತಿತ್ತು. ಅವರು ನನ್ನ ಮುಂದ ಸುಳ್ಳು ಹೇಳತಿರಲಿಲ್ಲರಿ. ಡಾಕ್ಟರಮ್ಮ ಒಂದಿನ ಬರ್ತಾರ ಅಂತಿದ್ರು. ಈಗ ಬಂದೀರಿ...”

ಕೂಡಲು ಹೇಳಿ, ಚಹಾ ಇಡಲು ಒಳಗೆ ಹೋದರು. ಕೂಡಲು ನನ್ನಿಂದಾಗಲಿಲ್ಲ.