ಬಸ್ ನಿಲ್ದಾಣದಲ್ಲೇ ನಡೆದ ಕ್ವಿಜ್

ನಮ್ಮೂರು ದೇವಸಮುದ್ರದಲ್ಲಿ ಬಸ್ಸು ನಿಂತರೂ ನನ್ನ ಮೂವರು ವಿದ್ಯಾರ್ಥಿನಿಯರು ಸೀಟಿನಿಂದ ಏಳಲಿಲ್ಲ. ಬೆಳಿಗ್ಗೆ ಹೋಗುವ ದಾರಿಯಲ್ಲಿ ಟೈರ್ ಪಂಕ್ಚರಾಗಿ ಚಳ್ಳಕೆರೆಯ ವಿಜ್ಞಾನ ಕ್ವಿಜ್‌ಗೆ ತಡವಾಗಿ ತಲುಪಿದ್ದರಿಂದ ಅವರ ತಂಡವನ್ನು ಅನರ್ಹಗೊಳಿಸಿದ್ದರು. ತಿಂಗಳುಗಟ್ಟಲೆ ಓದಿದ್ದವರಿಗೆ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಸುದ್ದಿ ತಿಳಿದು ಇಡೀ ತರಗತಿಯೇ ನಿಲ್ದಾಣಕ್ಕೆ ಬಂದಿತ್ತು.

"ಇಳೀರೇ. ಅವ್ರು ಕೇಳ್ದಿದ್ರೆ ಏನಾತು, ನಾವ್ ಕೇಳ್ತೀವಿ," ಎಂದಳು ಸಹಪಾಠಿ ಕಾವ್ಯ.

ಮೂವರನ್ನೂ ಇಳಿಸಿ, ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂರಿಸಿ ಸಹಪಾಠಿಗಳು ಒಬ್ಬೊಬ್ಬರಾಗಿ ಪ್ರಶ್ನೆ ಕೇಳಿದರು. ಮೊದಮೊದಲು ಹುಡುಗಿಯರು ತಲೆ ತಗ್ಗಿಸಿಕೊಂಡೇ ಉತ್ತರಿಸಿದರು. ಆಮೇಲೆ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬರತೊಡಗಿತು. ಬಸ್ಸು ಹತ್ತಬೇಕಿದ್ದ ಅಜ್ಜರೊಬ್ಬರು ಅಲ್ಲೇ ನಿಂತು, "ಇನ್ನೊಂದು ಕೇಳ್ರವ್ವಾ, ಚೆನ್ನಾಗೈತೆ," ಎಂದರು.

ವಾಪಸು ಬರುವ ದಾರಿಯುದ್ದಕ್ಕೂ ಸಮಾಧಾನದ ಮಾತು ಹುಡುಕಿದ್ದ ನನಗೆ ಅಂಕ ಕೊಡುವ ಕೆಲಸ ಬಿತ್ತು. ಮೇಷ್ಟರಾಗಿ ಹಿಂದೆಂದೂ ಅಷ್ಟು ಖುಷಿಯಿಂದ ಅಂಕ ಕೊಟ್ಟದ್ದು ನನಗಂತೂ ನೆನಪಿಲ್ಲ.