ಕೆಂದಿಯ ಗಂಟೆಗೊಂದು ಹಿತ್ತಾಳೆ ರಿಂಗು

ಆಗೆಲ್ಲ ನಮ್ಮೂರಿನಲ್ಲಿ ಸಂಜೆಯನ್ನು ಕಿವಿಯಿಂದಲೇ ಗುರುತಿಸುತ್ತಿದ್ದೆವು. ಗುಂಡ್ಲುಪೇಟೆಯಿಂದ ಕಾಡಿನ ಕಡೆಗೆ ಸರಿದ ಸಣ್ಣ ಊರು ನಮ್ಮದು. ಬೆಳಿಗ್ಗೆ ಲಂಟಾನದ ಪೊದೆಗಳ ನಡುವೆ ಮೇಯಲು ಹೋದ ದನಗಳು ಹೊತ್ತು ಮುಳುಗುವಾಗ ಒಂದೊಂದಾಗಿ ಬರುತ್ತಿದ್ದವು. ಧೂಳಿನಲ್ಲಿ ಮೈ ಕಾಣುವ ಮೊದಲೇ ಕೊರಳ ಗಂಟೆ ಕೇಳುತ್ತಿತ್ತು. ಜಗಲಿಯ ಮೇಲೆ ಕಣ್ಣು ಮುಚ್ಚಿ ಕೂತು ಯಾರ ಮನೆಯ ಹಸು ಬಂತೆಂದು ಹೇಳುವುದು ನಮ್ಮ ಆಟ. ತಪ್ಪು ಹೇಳಿದವರ ಪಾಲಿನ ಹುಣಸೆಹಣ್ಣು ಗೆದ್ದವರ ಬಾಯಿಗೆ. ಈ ಆಟ ನಡೆಯುತ್ತಿದ್ದುದೇ ಊರಿನ ಒಂದು ಕಟ್ಟಳೆಯಿಂದ: ಒಂದು ಮನೆಯ ಗಂಟೆಯ ಸದ್ದು ಇನ್ನೊಂದು ಮನೆಗೆ ಇರಬಾರದು. ಹೊಸ ಗಂಟೆ ಕೊಳ್ಳುವವರು ಊರಿನ ಅಷ್ಟೂ ಸದ್ದುಗಳನ್ನು ಕಿವಿಯಲ್ಲಿಟ್ಟುಕೊಂಡೇ ಸಂತೆಗೆ ಹೋಗಬೇಕು.

ನಮ್ಮ ಹಸು ಕೆಂದಿ. ಅವಳದು ಅಜ್ಜಿಯ ಕಾಲದ ಕಂಚಿನ ಗಂಟೆ. ಸದ್ದು ದಪ್ಪ, ಸ್ವಲ್ಪ ಒರಟು, ನೆಗಡಿಯಾದವರು ಮಾತಾಡಿದ ಹಾಗೆ. ಅದು ಬೇಲಿಯ ಹತ್ತಿರ ಕೇಳುತ್ತಲೇ ಅವ್ವ ಒಲೆಯ ಮುಂದಿನಿಂದ ಏಳದೆ ನನ್ನನ್ನು ಕೂಗುತ್ತಿದ್ದಳು: "ಬಾಗ್ಲು ತಗಿ ಕಣಮ್ಮಿ, ಕೆಂದಿ ಬಂದ್ಲು."

ಅಕ್ಕನ ಮದುವೆ ಉಡಿಗಾಲ ಎಂಬ ಊರಿನ ಹುಡುಗನ ಜೊತೆ ಗೊತ್ತಾದ ಬೇಸಿಗೆ ಅದು. ಬಳುವಳಿಯಾಗಿ ಕೆಂದಿಯ ಮಗಳು ಚುಕ್ಕಿಯನ್ನು ಕೊಡುವುದೆಂದು ಮಾತಾಗಿತ್ತು. ಚುಕ್ಕಿಯನ್ನು ಬೋಳು ಕೊರಳಲ್ಲಿ ಕಳಿಸಿದರೆ ಬೀಗರು ಏನಂದುಕೊಂಡಾರು ಎಂದು ಅಪ್ಪ, ಮದುವೆಗೆ ಸ್ವಲ್ಪ ಮುಂಚೆ, ಕೊರಳಪಟ್ಟಿ ಮಾಡಿಸಲು ಸಂತೆಮರಹಳ್ಳಿ ಸಂತೆಗೆ ಹೊರಟ. ಅಕ್ಕನೂ ಹೊರಟಳು. ಮದುವೆ ಹೆಣ್ಣು ಸಂತೆ ತಿರುಗುವುದೇನು ಎಂದು ಅವ್ವ ಗೊಣಗಿದಳು. ನಾನಂತೂ ಯಾರೂ ಕರೆಯದೆಯೇ ಬಸ್ಸು ಹತ್ತಿದೆ.

ಅಕ್ಕನ ಮಡಿಲಲ್ಲಿ ಟವಲಿನ ಗಂಟೊಂದಿತ್ತು. ಚಾಮರಾಜನಗರ ದಾಟಿದ ಮೇಲೆ ಬಿಚ್ಚಿ ತೋರಿಸಿದಳು. ಒಳಗೆ ಕೆಂದಿಯ ಗಂಟೆ. ದಾರಿಯಲ್ಲಿ ಸದ್ದಾಗದಂತೆ ಅದರ ನಾಲಗೆಗೆ ಬಟ್ಟೆ ಸುತ್ತಿದ್ದಳು.

"ಚುಕ್ಕಿಗೆ ಇದೇ ಸದ್ದಿಂದು ಇನ್ನೊಂದು ಬೇಕು ಕಣಪ್ಪ."

"ಒಂದೇ ಸದ್ದು ಎರಡು ಮನೇಲಾ? ಯಾರಾದ್ರೂ ಕೇಳಿದ್ರೆ ನಗ್ತಾರೆ ಕಣಮ್ಮಿ."

"ಅದು ಬೇರೆ ಊರು. ಅಲ್ಲಿ ಯಾರ್ಗೂ ಗೊತ್ತಾಗಲ್ಲ. ಸಂಜೆ ಹೊತ್ತು ಈ ಸದ್ದು ಕೇಳ್ದೆ ನಂಗೆ ಅಲ್ಲಿ ಇರಾಕಾಗಲ್ಲ."

ಅಪ್ಪ ಕಿಟಕಿಯ ಕಡೆ ತಿರುಗಿ ಕೂತ. ಅಕ್ಕನಿಗೆ ಮದುವೆ ಬೇಡವಾಗಿರಲಿಲ್ಲ, ಹುಡುಗನನ್ನು ನೋಡಿ ಒಪ್ಪಿದವಳು ಅವಳೇ. ಅಲ್ಲಿನ ಸಂಜೆಗಳನ್ನು ನೆನೆದು ಹೆದರಿದ್ದಳು.

ಸಂತೆಯಲ್ಲಿ ಚರ್ಮದ ಪಟ್ಟಿ ಹೊಲಿಯುವ ಸಿದ್ದಣ್ಣ ಮರದ ಕೆಳಗೆ ಗೋಣಿ ಹಾಸಿ ಕೂರುತ್ತಿದ್ದ. ಚರ್ಮಕ್ಕೆ ಸವರಿದ ಹೊಂಗೆ ಎಣ್ಣೆಯ ವಾಸನೆಗೆ ಪಕ್ಕದ ಬೋಂಡದ ಬಾಣಲೆಯ ವಾಸನೆಯೂ ಸೇರಿಕೊಳ್ಳುತ್ತಿತ್ತು. ಇವತ್ತಿಗೂ ಹೊಸ ಚಪ್ಪಲಿ ಕೊಂಡರೆ ನನಗೆ ಬೋಂಡ ತಿನ್ನಬೇಕೆನಿಸುತ್ತದೆ. ಅವನ ಮುಂದೆ ಡಬ್ಬಗಳ ತುಂಬ ಬಕಲು, ರಿಂಗು, ರಿವೀಟು. ನಾನು ಎಲ್ಲಕ್ಕಿಂತ ಹೊಳೆಯುವ ಬಕಲನ್ನು ಆರಿಸಿ ಕೊಟ್ಟೆ.

"ಅದು ಬರೀ ಪಾಲೀಸು ಕಣಮ್ಮಿ. ಹಸ ಬೆವತ್ರೆ ಸುಲಿದು ಓಯ್ತದೆ. ಒಳಗಿನ ಕಬ್ಬಿಣ ತುಕ್ಕು ಹಿಡ್ದು ಪಟ್ಟಿನೂ ತಿಂತದೆ," ಎಂದು ಸಿದ್ದಣ್ಣ ಮಂಕಾದ ಹಿತ್ತಾಳೆ ಬಕಲೊಂದನ್ನು ತೆಗೆದ. ಅದರ ಮುಳ್ಳು ಹಸುವಿನ ಕೊರಳಿಗೆ ಚುಚ್ಚೀತೇನೋ ಎಂದು ಬೆರಳಿನಿಂದ ಸವರಿ ನೋಡಿದ.

ಕಷ್ಟವಾದದ್ದು ಗಂಟೆ. ಅಕ್ಕ ಒಂದು ಕೈಯಲ್ಲಿ ಕೆಂದಿಯ ಗಂಟೆ, ಇನ್ನೊಂದರಲ್ಲಿ ಹೊಸದು ಹಿಡಿದು, ಕಣ್ಣು ಮುಚ್ಚಿ ಅಲ್ಲಾಡಿಸುತ್ತಿದ್ದಳು. "ಇದಲ್ಲ," ಎನ್ನುವಳು. ಇನ್ನೊಂದು ಕೊಟ್ಟರೆ, "ಇದೂ ಅಲ್ಲ." ಗಂಟೆ ಮಾರುವವರನ್ನೆಲ್ಲ ಸುತ್ತಿ ಬಂದದ್ದಾಯಿತು. ಕೊನೆಗೆ ಅಕ್ಕ ಹಳೆಯ ಗಂಟೆಗೆ ಮತ್ತೆ ಟವಲು ಸುತ್ತತೊಡಗಿದಳು. ಅಳಲಿಲ್ಲ, ಆದರೆ ಗಂಟು ಹಾಕಲು ಅವಳ ಕೈ ಬರಲಿಲ್ಲ. ಅಪ್ಪ ಅದನ್ನು ತೆಗೆದುಕೊಂಡು ಸಿದ್ದಣ್ಣನ ಮುಂದಿಟ್ಟ.

"ಇದ್ನೇ ಚುಕ್ಕಿ ಪಟ್ಟಿಗೆ ಆಕ್ಬುಡು ಕಣ. ಕೆಂದಿಗೆ ಹೊಸದು ತಕ್ಕಂಡು ಓಗ್ತೀನಿ."

ಹೊಸ ಚರ್ಮಕ್ಕೆ ಬಿಗಿದ ಕೂಡಲೇ ಹಳೆಯ ಗಂಟೆಯ ದನಿಯೂ ಕಟ್ಟಿಹೋಯಿತು. ಅಕ್ಕನ ಮುಖ ನೋಡಿ ಸಿದ್ದಣ್ಣ, "ಚರ್ಮ ಇನ್ನೂ ಬಿರ್ಸು ಕಣವ್ವ. ರಿಂಗಲ್ಲಿ ಸರಿ ಮಾಡನ ಇರು," ಅಂದ. ಪಟ್ಟಿಗೆ ಗಂಟೆ ತೂಗುಹಾಕಿದ ಕಬ್ಬಿಣದ ರಿಂಗು ತನ್ನದೇ ಕಟಕಟ ಸೇರಿಸಿತು. ಸಣ್ಣ ಹಿತ್ತಾಳೆ ರಿಂಗು ಗಂಟೆಯನ್ನು ತೂಗಲು ಬಿಡಲಿಲ್ಲ. ಅಗಲದ ಹಿತ್ತಾಳೆ ರಿಂಗು ಹಾಕಿ, ಪಟ್ಟಿಯನ್ನು ಮೊಣಕಾಲಿಗೆ ಸುತ್ತಿ ಸಿದ್ದಣ್ಣ ಕುಲುಕಿದಾಗ, ಕಣ್ಣು ಮುಚ್ಚಿ ಕಿವಿಗೊಟ್ಟಿದ್ದ ಅಕ್ಕ ಕಣ್ಣು ತೆರೆದು ನಕ್ಕಳು. ಜಿಲೇಬಿ ತಿನ್ನುತ್ತಿದ್ದ ನಾನೂ ನಕ್ಕೆ. ನಮ್ಮ ಮನೆಯಿಂದ ಏನು ಹೋಗುತ್ತಿದೆ ಎಂಬುದು ನನಗಾಗ ಹೊಳೆದಿರಲಿಲ್ಲ.

ಸಂತೆಯಿಂದ ಬಂದಾಗಿನಿಂದ ಮದುವೆಯ ಗಲಾಟೆಯಲ್ಲಿ ಕೆಂದಿಯನ್ನು ಮೇಯಲು ಬಿಡದೆ ಕಟ್ಟಿಹಾಕಿದ್ದರು. ಅಕ್ಕ, ಚುಕ್ಕಿ ಇಬ್ಬರೂ ಉಡಿಗಾಲಕ್ಕೆ ಹೋದ ಮಾರನೆಯ ಬೆಳಿಗ್ಗೆ ಅಪ್ಪ ಕೆಂದಿಯ ಕೊರಳಿಗೆ ಸಂತೆಯಲ್ಲಿ ಕೊಂಡ ಹೊಸ ಗಂಟೆ ಕಟ್ಟಿ ಮೇಯಲು ಬಿಟ್ಟ. ಸಂಜೆ ನೆಂಟರೆಲ್ಲ ಹೊರಟುಹೋಗಿದ್ದರು. ಚಪ್ಪರದ ಗರಿ ಒಣಗಿ ಸರಗುಟ್ಟುತ್ತಿತ್ತು. ಬೇಲಿಯ ಹತ್ತಿರ ತೆಳ್ಳನೆಯ ಗಂಟೆಯೊಂದು ಕಿಣಿಕಿಣಿ ಎಂದಿತು. ಒಲೆಯ ಮುಂದಿನಿಂದ ಅವ್ವ ಕೂಗಿದಳು: "ಯಾರ್ದಮ್ಮಿ ಹಸ ಅದು? ಓಡ್ಸು."

ನಾನು ಕೋಲು ಹಿಡಿದು ಬಾಗಿಲು ತೆಗೆದರೆ ಕೆಂದಿ ನಿಂತಿದ್ದಳು.

ಅವ್ವ ಹಿಂದೆಯೇ ಬಂದು ನೋಡಿದಳು. ಅಕ್ಕನನ್ನು ಕಳಿಸುವಾಗ ಗಟ್ಟಿಯಾಗಿ ನಿಂತಿದ್ದವಳು ಕೆಂದಿಯ ಕೊರಳು ತಬ್ಬಿಕೊಂಡು ಅತ್ತಳು. ಹೋದವಳು ಮನೆಯ ಸಂಜೆಯನ್ನೂ ಜೊತೆಗೆ ಒಯ್ದಿದ್ದಳು. ಉಳಿದ ನಮಗೆ ನಮ್ಮ ಮನೆಯೇ ಬೇರೆಯವರ ಮನೆಯ ಹಾಗೆ ಕೇಳುತ್ತಿತ್ತು. ದಿನ ಕಳೆದಂತೆ ಹೊಸ ಸದ್ದಿಗೆ ಕಿವಿ ಒಗ್ಗಿತು. ಆದರೆ "ಕೆಂದಿ ಬಂದ್ಲು" ಎಂದು ಅವ್ವ ಮತ್ತೆ ಕೂಗಿದ್ದು ನನಗೆ ನೆನಪಿಲ್ಲ.

ಈಗ ಅವ್ವ ಇಲ್ಲ. ಆ ಮನೆಯನ್ನು ಕೆಡವಿ ತುಂಬ ಕಾಲವಾಯಿತು. ಊರಿನ ದನಗಳು ಕಾಡಿಗೆ ಹೋಗುವುದಿಲ್ಲ, ಇರುವ ನಾಲ್ಕಾರು ಸೀಮೆಹಸುಗಳೂ ನಿಂತಲ್ಲೇ ಮೇಯುತ್ತವೆ. ನಾನು ಚಾಮರಾಜನಗರದ ಕಚೇರಿಯೊಂದರಲ್ಲಿದ್ದೇನೆ. ಸಂಜೆಯಾಯಿತೆಂದು ಫೋನು ನೋಡಿ ತಿಳಿಯುತ್ತೇನೆ.

ಮೊನ್ನೆ ಉಡಿಗಾಲಕ್ಕೆ ಹೋಗಿದ್ದಾಗ ಅಕ್ಕ ಅಟ್ಟದಿಂದ ಚುಕ್ಕಿಯ ಪಟ್ಟಿ ಇಳಿಸಿದಳು. ಅವಳ ಕೊಟ್ಟಿಗೆಯಲ್ಲೀಗ ಮಗನ ಬೈಕು ನಿಲ್ಲುತ್ತದೆ. ಚರ್ಮ ಒಣಗಿ ಬಿರುಕು ಬಿಟ್ಟಿತ್ತು. ಸಿದ್ದಣ್ಣನ ಬಕಲಿಗೆ ತುಕ್ಕು ಹಿಡಿದಿರಲಿಲ್ಲ. ಹಿತ್ತಾಳೆಯ ರಿಂಗು ಮಾತ್ರ ಗಂಟೆ ತೂಗಿದ ಕಡೆಯಲ್ಲಿ ಸವೆದು ನೂಲಿನಷ್ಟಾಗಿತ್ತು.

ನಾನು ಕೈಯಲ್ಲಿ ಹಿಡಿದು ಅಲ್ಲಾಡಿಸಿದೆ.

"ಹಂಗಲ್ಲ ಕಣಮ್ಮಿ, ನಡ್ಕಂಡು ಬಾ," ಎಂದು ಅಕ್ಕ ಜಗಲಿಯ ಮೇಲೆ ಕಣ್ಣು ಮುಚ್ಚಿ ಕೂತಳು. ತಲೆ ನರೆತ ನಾನು ಪಟ್ಟಿಯನ್ನು ಕೊರಳಿಗೆ ಹಿಡಿದುಕೊಂಡು ಗೇಟಿನಿಂದ ನಡೆದು ಬಂದೆ. ಎದುರು ಮನೆಯವರು ನೋಡಿದ್ದರೆ ಅಕ್ಕತಂಗಿಯರಿಗೆ ತಲೆ ಕೆಟ್ಟಿದೆ ಎನ್ನುತ್ತಿದ್ದರು.

"ಇದಲ್ಲ," ಅಂದಳು ಅಕ್ಕ. "ಕೆಂದಿ ನಿಧಾನಕ್ಕೆ ಬರ್ತಿದ್ಲು."

ಮತ್ತೆ ಗೇಟಿನ ತನಕ ಹೋದೆ. ಮೇದು ದಣಿದವಳ ಹಾಗೆ ಒಂದೊಂದೇ ಹೆಜ್ಜೆ ಇಟ್ಟು ಬಂದೆ. ಅಕ್ಕ ಕಣ್ಣು ಮುಚ್ಚಿಕೊಂಡೇ, ಅವ್ವನ ಮಾತನ್ನೇ ಮೆಲ್ಲಗೆ ಅಂದಳು:

"ಬಾಗ್ಲು ತಗಿ ಕಣಮ್ಮಿ."

ಅಕ್ಕನ ಮನೆಯ ಬಾಗಿಲು ತೆರೆದೇ ಇತ್ತು.