ಲಾಗ್ ಪುಸ್ತಕದ ಎರಡನೇ ಸಹಿ

ಲ್ಯಾಪ್‌ಟಾಪಿನ ಪರದೆಯ ಮೇಲೆ ಹಸಿರು ಪಟ್ಟಿಯೊಂದು ಎಡದಿಂದ ಬಲಕ್ಕೆ ತೆವಳುತ್ತದೆ. ಅದು ನೂರು ಮುಟ್ಟಲು ಆರು ನಿಮಿಷ ಬೇಕು. ಆರು ನಿಮಿಷ ಒಂದೇ ಕಡೆ ಕೂರುವ ತಾಳ್ಮೆ ನನಗೆ ಹುಟ್ಟಿನಿಂದಲೇ ಇಲ್ಲ. ಬಸ್ಸಿನಲ್ಲಿ ಸೀಟು ಸಿಕ್ಕರೂ ಊರು ಬರುವ ಮೊದಲೇ ಎದ್ದು ಬಾಗಿಲಲ್ಲಿ ನಿಲ್ಲುವವಳು ನಾನು. ಅನ್ನ ಬೇಯುವಷ್ಟರಲ್ಲಿ ಮೂರು ಸಲ ಮುಚ್ಚಳ ತೆಗೆದು ಅವ್ವನಿಂದ ಬೈಸಿಕೊಳ್ಳುವವಳು. ಅಂಥ ನಾನು ಚಳಿಗಾಲದ ಎರಡು ತಿಂಗಳು ಪ್ರತಿ ಬೆಳಗ್ಗೆ ಕೊಟ್ಟೂರಿನ ನಮ್ಮ ಮಾಳಿಗೆಯ ಮೇಲೆ, ಶಾಲು ಹೊದ್ದು, ಆ ಪಟ್ಟಿಯನ್ನೇ ನೋಡುತ್ತ ಕೂತೆ. ಕೊನೆಗೆ ಅದು ದಿನಾ ಒಂದೇ ಮಾತು ಹೇಳುತ್ತಿತ್ತು: ಸಿಕ್ಕ ವಾಹಿನಿಗಳು, ಸೊನ್ನೆ.

ಡಿಶ್ ಇರುವ ಮನೆಯಲ್ಲಿ ಇದೆಂಥ ಹುಚ್ಚು ಎಂದು ಯಾರಾದರೂ ಕೇಳಬೇಕಾದದ್ದೇ. ಅವ್ವ ದಿನಾ ಕೇಳುತ್ತಿದ್ದಳು. ನನಗೆ ಟಿ.ವಿ. ನೋಡುವ ಆಸೆ ಇರಲಿಲ್ಲ. ಅಪ್ಪ ಸುಳ್ಳು ಹೇಳಿರಲಿಲ್ಲ ಎಂದು ತೋರಿಸಬೇಕಿತ್ತು, ಅಷ್ಟೇ.

ಅಪ್ಪ ಟಿ.ವಿ. ಮರುಪ್ರಸಾರದ ಒಂದು ಸಣ್ಣ ಕೇಂದ್ರದಲ್ಲಿ ಕೆಲಸ ಮಾಡಿದವನು. ಒಂದು ಗೋಪುರ, ಎರಡು ಕೋಣೆ, ಸದಾ ಗುಂಯ್‌ಗುಡುವ ಯಂತ್ರಗಳು. ನಮ್ಮ ಕೇರಿಯಿಂದ ಇಸ್ತ್ರಿ ಅಂಗಿ ಹಾಕಿಕೊಂಡು ಸರ್ಕಾರಿ ಡ್ಯೂಟಿಗೆ ಹೋದವರಲ್ಲಿ ಅವನೇ ಮೊದಲನೆಯವನು. ಆ ಕೇಂದ್ರದಲ್ಲಿ ಒಂದು ಲಾಗ್ ಪುಸ್ತಕವಿತ್ತು. ಯಂತ್ರ ಹಚ್ಚಿದ ಹೊತ್ತು, ಕರೆಂಟು ಹೋದ ಹೊತ್ತು, ಚಿತ್ರ ಹೇಗಿತ್ತು, ಎಲ್ಲವನ್ನೂ ಅದರಲ್ಲಿ ಬರೆಯಬೇಕು. ಪಾಳಿ ಮುಗಿಸಿದವನು ಒಂದು ಸಹಿ ಹಾಕುತ್ತಾನೆ. ಚಾರ್ಜು ತೆಗೆದುಕೊಳ್ಳುವವನು ಪಕ್ಕದಲ್ಲಿ ಎರಡನೇ ಸಹಿ ಹಾಕುತ್ತಾನೆ. ಎರಡನೆಯವನು ಆ ಹೊತ್ತಿನಲ್ಲಿ ಅಲ್ಲಿ ಇದ್ದಿರುವುದಿಲ್ಲ, ಏನನ್ನೂ ಕಂಡಿರುವುದಿಲ್ಲ. ಹಿಂದಿನವನು ಬರೆದದ್ದನ್ನು ನಂಬಿ ಸಹಿ ಹಾಕುತ್ತಾನೆ. ಕೆಲಸ ನಡೆಯುತ್ತಿದ್ದದ್ದೇ ಹಾಗೆ.

ನಾನು ಐದನೇ ಕ್ಲಾಸಿನಲ್ಲಿದ್ದಾಗ, ಒಂದು ಚಳಿಗಾಲದ ಬೆಳಗ್ಗೆ, ತನ್ನ ಕೇಂದ್ರವನ್ನು ಚಾಲೂ ಮಾಡುವ ಮುಂಚೆ ಅಪ್ಪ ಮಾನಿಟರ್ ಹಚ್ಚಿದನಂತೆ. ಏನೂ ಇರಬಾರದ ಜಾಗದಲ್ಲಿ ಚಿತ್ರ ಬಂತು. ಯಾರೋ ಒಬ್ಬರು ತೆಲುಗಿನಲ್ಲಿ ಮಾತಾಡುತ್ತ ಮಾವಿನ ಸಸಿಗೆ ಕಸಿ ಕಟ್ಟುವುದನ್ನು ತೋರಿಸುತ್ತಿದ್ದರು. ನೂರಾರು ಮೈಲಿ ಆಚೆಯ ಕೇಂದ್ರದ ಚಿತ್ರ. ಕೆಲವು ನಿಮಿಷ ನಿಂತು ಅಳಿಸಿಹೋಯಿತು. ಅಪ್ಪ ಅದನ್ನು ಲಾಗಿನಲ್ಲಿ ಬರೆದ. ಮಧ್ಯಾಹ್ನ ಚಾರ್ಜು ತೆಗೆದುಕೊಳ್ಳಲು ಬಂದ ಸಹೋದ್ಯೋಗಿ ಅದನ್ನು ಓದಿ ನಕ್ಕು, ಪೆನ್ನು ಕೆಳಗಿಟ್ಟನಂತೆ. ಆ ಸಾಲಿನ ಎದುರಿನ ಜಾಗ ಖಾಲಿಯೇ ಉಳಿಯಿತು.

ಅಷ್ಟಕ್ಕೇ ಮುಗಿದಿದ್ದರೆ ನಾನು ಈ ಉಸಾಬರಿಗೆ ಹೋಗುತ್ತಿರಲಿಲ್ಲ. ಅದೇ ಸಹೋದ್ಯೋಗಿ ಒಂದು ದಿನ ನಮ್ಮ ಮನೆಗೆ ಬಂದು ಕಟ್ಟೆಯ ಮೇಲೆ ಕೂತು, "ಏನ್ರೀ ಮಾವಿನಕಾಯಿ ಸಾಹೇಬ್ರ, ಮತ್ತ ಬಂದಿತ್ತೇನ್ರಿ ತೆಲುಗು ಪಿಚ್ಚರು?" ಎಂದ. ಎಲ್ಲರೂ ನಕ್ಕರು. ನಾನು ಬಾಗಿಲ ಸಂದಿಯಿಂದ, "ನಮ್ಮಪ್ಪ ನಿದ್ದಿಗಣ್ಣಾಗ ಕಂಡಾನ್ರಿ" ಎಂದೆ. ಅವನಿಗೆ ಅಷ್ಟೇ ಬೇಕಾಗಿತ್ತು. "ನೋಡ್ರಿ, ಮಗಳ ಹೇಳಾಕತ್ಯಾಳ" ಎಂದು ತೊಡೆ ತಟ್ಟಿಕೊಂಡ. ಅಪ್ಪ ಕೂಡ ನಕ್ಕ. ಆ ನಗು ನನ್ನ ಕಣ್ಣಿಗೆ ಕಟ್ಟಿದಂತಿದೆ. ಈಗ ನೆನೆದರೂ ನಾಚಿಕೆಯಿಂದ ಮುಖ ಬಿಸಿಯಾಗುತ್ತದೆ.

ಅಪ್ಪ ನಿವೃತ್ತನಾದ. ಆಮೇಲೆ ಕೇಂದ್ರವೇ ಮುಚ್ಚಿತು. ಯಂತ್ರಗಳನ್ನು ಲಾರಿಗೆ ಹೇರಿಕೊಂಡು ಹೋದರು. ನಮ್ಮ ಸೀಮೆಯ ಗಾಳಿ ಖಾಲಿಯಾಯಿತು. ದೊಡ್ಡ ಊರುಗಳಲ್ಲಿ ಮಾತ್ರ ಈಗ ಡಿಜಿಟಲ್ ಸಿಗ್ನಲ್ ಬಿಡುತ್ತಾರೆ, ಸಣ್ಣ ಟ್ಯೂನರ್ ಇದ್ದರೆ ಕಂಪ್ಯೂಟರಿನಲ್ಲೇ ನೋಡಬಹುದು ಎಂದು ಪತ್ರಿಕೆಯಲ್ಲಿ ಓದಿದ ದಿನ ಅಪ್ಪ ಊಟ ಮಾಡುತ್ತ ಅಂದ: "ಈಗ ನಮ್ಮ ಕೇಂದ್ರದ್ದು ಅಡ್ಡ ಇಲ್ಲ. ಈಗ ಏನಾರ ಬಂತಂದ್ರ ಅದು ದೂರದ್ದ." ಅಷ್ಟೇ ಅಂದು ಮಜ್ಜಿಗೆ ಕುಡಿದು ಎದ್ದ. ನಾನು ಅಂದೇ ಟ್ಯೂನರಿಗೆ ಆರ್ಡರ್ ಹಾಕಿದೆ.

ಹೆಬ್ಬೆರಳಿನಷ್ಟು ದಪ್ಪದ ಕರಿಯ ಕಡ್ಡಿ. ಅಗ್ಗದ್ದು. ಪೆಟ್ಟಿಗೆಯ ಮೇಲೆ ಎಚ್‌ಡಿ ಎಂದು ಹೊಳೆಯುವ ಅಕ್ಷರ, ಒಳಗೆ ಒಂದು ಸಿ.ಡಿ. ನನ್ನ ಲ್ಯಾಪ್‌ಟಾಪಿಗೆ ಸಿ.ಡಿ. ತಿನ್ನುವ ಬಾಯೇ ಇಲ್ಲ. ಬೇಕಾದ ತಂತ್ರಾಂಶ ಹುಡುಕಿ ಇಳಿಸಿಕೊಳ್ಳಲು ಒಂದು ಭಾನುವಾರ ಹೋಯಿತು. ಎರಡು ವಾರ ಸೊನ್ನೆ ನೋಡಿದ ಮೇಲೆ ತಿಳಿಯಿತು, ಈ ಕಡ್ಡಿಗೆ ಗೊತ್ತಿರುವುದು ಹಳೆಯ ಡಿಜಿಟಲ್, ನಮ್ಮ ದೇಶದಲ್ಲಿ ಬಿಡುವುದು ಹೊಸ ಡಿಜಿಟಲ್. ಸಿಟ್ಟು ನೆತ್ತಿಗೇರಿತು. ಇನ್ನೊಂದು ತರಿಸಿದೆ.

ಅದರ ಜೊತೆ ಬಂದ ಗೇಣುದ್ದದ ಆ್ಯಂಟೆನಾವನ್ನು ಅಪ್ಪ ಬೆರಳಲ್ಲಿ ಎತ್ತಿ ನೋಡಿ, "ಇದು ಕಿವಿ ಗುಗ್ಗಿ ತಗಿಯಾಕ ಬರತೈತಿ" ಎಂದ. ಅಟ್ಟದಿಂದ ಹಳೆಯ ಅಲ್ಯುಮಿನಿಯಂ ಆ್ಯಂಟೆನಾ ಇಳಿಸಿದ. ಬೇಸಿಗೆಯಲ್ಲಿ ಅವ್ವ ಅದರ ಕಡ್ಡಿಗಳ ಮೇಲೆ ಶಾವಿಗೆ ಒಣಹಾಕುತ್ತಿದ್ದಳು.

"ನನ್ನ ಶಾವಗಿ ಕೋಲ ಮುಟ್ಟಬ್ಯಾಡ್ರಿ ಮತ್ತ!" ಎಂದು ಅವ್ವ ಕೆಳಗಿನಿಂದ ಕೂಗಿದಳು.

"ಶಾವಗಿಗಿಂತ ಮೊದಲ ಇದು ನನ್ನದು" ಎಂದ ಅಪ್ಪ. ಹೊಸ ಅಲೆಗಳು ಗಿಡ್ಡ, ಅವುಗಳಿಗೆ ಕಡ್ಡಿಗಳೂ ಗಿಡ್ಡವಿರಬೇಕೆಂದು ಅಳತೆ ಮಾಡಿ ಗರಗಸದಿಂದ ಕೊಯ್ದ. ಕೂಡ್ಲಿಗಿ ದಿಕ್ಕಿಗೆ ತಿರುಗಿಸಿ, ಅಲ್ಲಿಂದ ಸಾಕಷ್ಟು ಬಲಕ್ಕೆ ಸರಿಸಿ ಕಟ್ಟಿದ. ಆ ನೇರಕ್ಕೆ, ಬಹಳ ದೂರದಲ್ಲಿ, ಡಿಜಿಟಲ್ ಬಿಡುವ ದೊಡ್ಡ ಊರಿತ್ತು.

ಹಳೆಯ ಕಾಲದಲ್ಲಿ ಆ್ಯಂಟೆನಾ ತಿರುಗಿಸುವಾಗ ಪರದೆ ಸುಳಿವು ಕೊಡುತ್ತಿತ್ತು. ಮೊದಲು ಮರಳು, ಆಮೇಲೆ ಮರಳಿನಲ್ಲಿ ಯಾರದೋ ನೆರಳು. ಹತ್ತಿರ ಬಂದೆ, ಇನ್ನು ಸ್ವಲ್ಪ ತಿರುಗಿಸು ಎಂದು ಗೊತ್ತಾಗುತ್ತಿತ್ತು. ಡಿಜಿಟಲ್ಲಿಗೆ ಆ ದಾಕ್ಷಿಣ್ಯವಿಲ್ಲ. ಬಂದರೆ ಪೂರ್ತಿ ಬರುತ್ತದೆ, ಇಲ್ಲದಿದ್ದರೆ ಕಪ್ಪು. ಹತ್ತಿರ ಇದ್ದೇನೋ, ದೂರ ಇದ್ದೇನೋ, ಸುಮ್ಮನೆ ಹುಚ್ಚಿಯಂತೆ ಕೂತಿದ್ದೇನೋ, ಹೇಳುವವರಿಲ್ಲ. ನನ್ನಂಥವಳಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇಡ. ಎದ್ದು ತಂತಿ ಅಲುಗಾಡಿಸುತ್ತಿದ್ದೆ, ಕೂರುತ್ತಿದ್ದೆ, ಮತ್ತೆ ಏಳುತ್ತಿದ್ದೆ. ಆ್ಯಂಟೆನಾವನ್ನು ಅಪ್ಪನಿಗೆ ಗೊತ್ತಾಗದಂತೆ ಒಂದು ಬೆರಳು ಸರಿಸುತ್ತಿದ್ದೆ. ಅವನಿಗೆ ಗೊತ್ತಾಗಿಯೇ ಆಗುತ್ತಿತ್ತು.

"ಅದನ್ಯಾಕ ಅಳ್ಳಾಡಸ್ತಿ? ನಿನ್ನ ಕೈಯಾಗ ಏನೂ ಇಲ್ಲ, ನನ್ನ ಕೈಯಾಗೂ ಇಲ್ಲ. ಹೊಗಿ ಮಲಗಬೇಕು" ಎನ್ನುತ್ತಿದ್ದ ಅಪ್ಪ. ಅದು ಅವನ ಗುರುತು. ಕೆಳಗೆ ಥಂಡಿ, ಮೇಲೆ ಬೆಚ್ಚಗೆ ಇದ್ದ ದಿನ ನೀರೊಲೆಯ ಹೊಗೆ ಮೇಲೇಳುವುದಿಲ್ಲ, ಮಾಳಿಗೆಗಳ ಮಟ್ಟದಲ್ಲೇ ಹಾಸಿಗೆಯಂತೆ ಹರಡಿಕೊಳ್ಳುತ್ತದೆ. ಅಂಥ ದಿನ ಅಲೆಗಳೂ ಆಕಾಶಕ್ಕೆ ಹಾರಿಹೋಗದೆ ಬಗ್ಗಿ ನೆಲದ ಗುಂಟ ದೂರದೂರ ಬರುತ್ತವೆ. ಆ ಮಾವಿನ ಕಸಿಯ ದಿನ ಹೊಗೆ ಹಾಗೆ ಮಲಗಿತ್ತಂತೆ. ನಮ್ಮ ಓಣಿಯ ಹೊಗೆ ಮಾತ್ರ ದಿನಾ ನೆಟ್ಟಗೆ ಏಳುತ್ತಿತ್ತು.

ಎರಡನೇ ತಿಂಗಳ ಕೊನೆಗೆ, ಒಂದು ಬೆಳಗ್ಗೆ, ಸೊನ್ನೆ ಬಂದ ಮೇಲೆ ನನ್ನ ಬಾಯಿ ಹಿಡಿತ ತಪ್ಪಿತು. "ಯಪ್ಪಾ, ಆವತ್ತೂ ಏನೂ ಬಂದಿದ್ದಿಲ್ಲ ಬಿಡು. ನೀ ನಿದ್ದಿಗಣ್ಣಾಗ ಕಂಡಿ" ಎಂದೆ. ಹತ್ತು ವರ್ಷದವಳಾಗಿದ್ದಾಗ ಆಡಿದ್ದ ಮಾತೇ. ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡೆ. ಅಪ್ಪ ಕೇಬಲ್ ಸುತ್ತುತ್ತಿದ್ದವನು ಸುತ್ತುತ್ತಲೇ, "ಬಸ್ಸಿಗೆ ಹೊತ್ತಾತು ನೋಡವ್ವಾ" ಎಂದ. ಆವತ್ತು ನಕ್ಕಂತೆ ನಗಲಿಲ್ಲ.

ಮರುದಿನವೂ ಅವನು ಮಫ್ಲರ್ ಸುತ್ತಿಕೊಂಡು ಮೇಲೆ ಹೋದ. ನನಗೆ ಅವನ ಎದುರು ಕೂರುವ ಮುಖವಿರಲಿಲ್ಲ. ಹಾಗಾಗಿ ಒಂದು ಉಪಾಯ ಮಾಡಿದೆ. ಟ್ಯೂನರ್ ಆ ಒಂದೇ ಊರಿನ ಸಿಗ್ನಲ್ಲಿಗಾಗಿ ಕಾಯುತ್ತಿರುವಂತೆ, ಸಿಕ್ಕರೆ ಚಿತ್ರ ತಾನೇ ತೆರೆದುಕೊಳ್ಳುವಂತೆ ಹೊಂದಿಸಿದೆ. ಸಿಕ್ಕ ಹೊತ್ತು, ಬಿಟ್ಟ ಹೊತ್ತು ಎಲ್ಲವನ್ನೂ ತಂತ್ರಾಂಶ ಒಂದು ಕಡತದಲ್ಲಿ ಬರೆದಿಡುತ್ತದೆ. ಚಿತ್ರ ತಾನೇ ಬರುತ್ತದೆ ಎಂದು ಅಪ್ಪನಿಗೆ ಹೇಳಿದೆ. ಕಡತದ ವಿಷಯ ಹೇಳಲಿಲ್ಲ. ಹೇಳಬೇಕೆನಿಸಲಿಲ್ಲವೋ, ಬೇಕೆಂದೇ ಬಿಟ್ಟೆನೋ, ಈಗ ನೆನಪಿಲ್ಲ ಅಂದರೆ ಅದೂ ಸುಳ್ಳೇ.

ಹಗರಿಬೊಮ್ಮನಹಳ್ಳಿಯ ಕಚೇರಿಯೊಂದರಲ್ಲಿ ನಾನು ಕಂಪ್ಯೂಟರ್ ಆಪರೇಟರ್. ಆ ವಾರ ಹಂಪಸಾಗರದಲ್ಲಿ ಪಿಂಚಣಿ ಅರ್ಜಿಗಳ ಶಿಬಿರವಿತ್ತು, ಮೊದಲ ಬಸ್ಸಿಗೇ ಹೊರಟೆ. ಊರು ದಾಟುತ್ತಿದ್ದಂತೆ ಕಿಟಕಿಯಿಂದ ನೋಡಿದೆ. ಹೊಗೆ ಮಲಗಿತ್ತು. ಬೇವಿನ ಮರಗಳ ನಡುವೆ, ಕುರಿ ಹಟ್ಟಿಯ ಮೇಲೆ, ಇಡೀ ಹೊಲದ ಉದ್ದಕ್ಕೂ ಬೂದಿ ಬಣ್ಣದ ಹೊಗೆ ಚಪ್ಪಟೆಯಾಗಿ ಮಲಗಿತ್ತು. ಎದ್ದು ಬಾಗಿಲಿಗೆ ಬಂದೆ. ಅಪ್ಪನಿಗೆ ಫೋನು ಹಚ್ಚಿದೆ, ಅವ್ವ ಎತ್ತಿದಳು.

"ಫೋನ ಇಲ್ಲೇ ಬಿಟ್ಟು ಹೋಗ್ಯಾರ. ಮ್ಯಾಲೆ ಅದಾರ, ಕರೀಲೇನು?"

"ಬ್ಯಾಡವ್ವಾ! ಕರೀಬ್ಯಾಡ. ಅಲ್ಲೇ ಇರಲಿ."

"ಯಾಕ, ಏನಾತು?"

"ಏನಿಲ್ಲ."

ಕಂಡಕ್ಟರ್, "ಇಳೀತೀರೇನ್ರಿ ಮೇಡಂ?" ಎಂದ. ಇಳಿಯುತ್ತೇನೆ ಎಂದು ಬಾಯಿತುದಿಗೆ ಬಂದಿತ್ತು. ಶಿಬಿರದಲ್ಲಿ ಕಾಗದ ಹಿಡಿದು ಸಾಲು ನಿಂತ ಮುದುಕಿಯರ ನೆನಪಾಗಿ, ಇಲ್ಲ ಎಂದೆ. ಆದರೆ ಸೀಟಿಗೆ ಮರಳಲಿಲ್ಲ. ಹಂಪಸಾಗರದವರೆಗೂ ಕಂಬ ಹಿಡಿದು ನಿಂತೇ ಹೋದೆ. ಆ ದಿನ ಎಷ್ಟು ಹೆಸರುಗಳನ್ನು ತಪ್ಪಾಗಿ ಹೊಡೆದು ಮತ್ತೆ ತಿದ್ದಿದೆನೋ ಲೆಕ್ಕವಿಲ್ಲ.

ಸಂಜೆ ಮನೆಗೆ ಬಂದಾಗ ಅಪ್ಪ ಪಡಸಾಲೆಯಲ್ಲಿ ಕೂತಿದ್ದ. ನಾನು ಕಾಲು ತೊಳೆದು ಒಳಗೆ ಬಂದೆ. ಆಮೇಲೆ ಒಂದು ನೋಟುಬುಕ್ಕು ಮುಂದೆ ಸರಿಸಿದ. ಹಳೆಯ ಲಾಗಿನಂತೆಯೇ ಗೆರೆ ಎಳೆದು ಖಾನೆ ಮಾಡಿದ್ದ. ಬೆಳಗ್ಗೆ ಆರೂ ನಲವತ್ತೊಂದು. ಏಳು ನಿಮಿಷ. ಚಿತ್ರ ಸ್ಪಷ್ಟ, ಧ್ವನಿ ಸ್ಪಷ್ಟ. ಕೊನೆಯಲ್ಲಿ ಅವನ ಸಹಿ.

"ಒಂದ ಚುಕ್ಕಿ ಮರಳ ಇದ್ದಿಲ್ಲವ್ವಾ" ಎಂದ. "ವಾರ್ತೆ ಓದೋ ಹೆಣ್ಮಗಳ ಕೈಬಳಿ ಎಣಸಬಹುದಿತ್ತು. ನಾನು ಇಷ್ಟು ವರ್ಷ ಡ್ಯೂಟಿ ಮಾಡಿ ಅಂಥ ಚಿತ್ರ ಕಂಡಿದ್ದಿಲ್ಲ."

ನಾನು ಅವ್ವನ ಕಡೆ ನೋಡಿದೆ. "ನಾ ನೋಡಿಲ್ಲ ತಾಯಿ. ನೀರೊಲಿ ಮುಂದ ಇದ್ನಿ. ಹೊಗಿ ಕಣ್ಣಾಗ ಹೊಕ್ಕು ಸಾಕಾಗಿತ್ತು" ಎಂದಳು ಅವಳು.

ಲ್ಯಾಪ್‌ಟಾಪ್ ಪಕ್ಕದ ಸ್ಟೂಲಿನ ಮೇಲಿತ್ತು. ತೆರೆದರೆ ಅರ್ಧ ನಿಮಿಷದ ಕೆಲಸ. ಆರೂ ನಲವತ್ತೊಂದರ ಸಾಲು ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ನನ್ನ ಕೈ ಆ ಕಡೆ ಹೋಗಿಯೂ ಹೋಯಿತು. ಅಪ್ಪ ನಾನು ಪೆನ್ನಿಗಾಗಿ ಕೈ ಚಾಚಿದೆ ಅಂದುಕೊಂಡ. ಜೇಬಿನಿಂದ ತನ್ನದನ್ನು ತೆಗೆದು ಅದರ ಟೋಪಿ ಬಿಚ್ಚಿ ಕೊಟ್ಟ.

"ಚಾರ್ಜು ತಗೊಳ್ಳವರು ಇಲ್ಲಿ" ಎಂದು ಖಾಲಿ ಖಾನೆಯ ಮೇಲೆ ಬೆರಳಿಟ್ಟ.

ಸಹಿ ಹಾಕಿದೆ. ಪೂರ್ತಿ ಹೆಸರು ಬರೆದು, ದಿನಾಂಕ ಹಾಕಿ, ಕೆಳಗೆ ಗೆರೆ ಎಳೆದೆ. ಅಪ್ಪ ಅದನ್ನು ಎರಡು ಸಲ ಓದಿ, ಪುಸ್ತಕ ಮುಚ್ಚಿ, ಟ್ರೆಜರಿ ಕಪಾಟಿನಲ್ಲಿ ಮನೆ ಪತ್ರಗಳ ಜೊತೆ ಇಟ್ಟು ಬೀಗ ಹಾಕಿದ. ಮರುದಿನ ಬಿಸಿಲು ಬೀಳುವವರೆಗೂ ಮಲಗಿದ್ದ. ಆಮೇಲೆ ಅವನು ಮಾಳಿಗೆಯ ಮೇಲೆ ಟಿ.ವಿ.ಗಾಗಿ ಹೋಗಲೇ ಇಲ್ಲ. ಕೊಯ್ದ ಆ್ಯಂಟೆನಾದ ಕಡ್ಡಿಗಳು ಶಾವಿಗೆಗೆ ಸಾಲುವುದಿಲ್ಲವೆಂದು ಅವ್ವ ಈಗಲೂ ಗೊಣಗುತ್ತಾಳೆ.

ಕಡತ ಇನ್ನೂ ಅಲ್ಲೇ ಇದೆ. ದಿನಕ್ಕೆ ಮೂರು ಸಲವಾದರೂ ಬಾಣದ ಗುರುತನ್ನು ಅದರ ಮೇಲೆ ತಂದಿಟ್ಟು ತೆಗೆಯುತ್ತೇನೆ. ಒಮ್ಮೆ ಅಳಿಸಿಬಿಡೋಣ ಎಂದುಕೊಂಡೆ, ಆಗಲಿಲ್ಲ. ತೆರೆಯಲೂ ಆಗಲಿಲ್ಲ. ಅನ್ನದ ಮುಚ್ಚಳ ತೆಗೆಯದೆ ಇರಲಾರದವಳು ಇದನ್ನು ಇಷ್ಟು ತಿಂಗಳು ಹೇಗೆ ಮುಚ್ಚಿಟ್ಟೆನೋ ನನಗೇ ಗೊತ್ತಿಲ್ಲ. ತೆರೆದು ನೋಡಿದ ದಿನ, ಒಳಗೆ ಏನೇ ಇರಲಿ, ನಾನು ಸಹಿ ಹಾಕಿಲ್ಲ ಎಂದೇ ಆಗುತ್ತದೆ.